ಅನ್ನ ಬಿಟ್ರೆ ಪೀರಿಯಡ್ಸ್ ಸರಿ ಹೋಗುತ್ತಾ? ಹಾರ್ಮೋನ್ ಮತ್ತು ಊಟದ ಬಗ್ಗೆ ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಮೇಡಂ ನಮಸ್ತೆ, ನಂಗೆ 26 ವರ್ಷ, ಊರು ತೀರ್ಥಹಳ್ಳಿ ಕಡೆ, ಶಿವಮೊಗ್ಗದಲ್ಲಿ ಪಿಜಿಲಿದ್ದು ಕೆಲಸಕ್ಕೆ ಹೋಗ್ತೀನಿ. ಪೀರಿಯಡ್ಸ್ ಎರಡು ತಿಂಗಳಿಗೊಮ್ಮೆ ಬರುತ್ತೆ, ಕೆಲವು ಸಲ ಮೂರು ತಿಂಗಳಾದ್ರೂ ಇಲ್ಲ. ಗಲ್ಲದ ಮೇಲೆ ಕೂದಲು ಬೇರೆ. ಸ್ಕ್ಯಾನ್ ಮಾಡಿಸಿದ್ರೆ ಅಂಡಾಶಯದಲ್ಲಿ ಗುಳ್ಳೆ ಇದೆ, ಪಿಸಿಓಡಿ ಅಂದ್ರು. ರೀಲ್ಸ್ ನೋಡಿದ್ರೆ ಅನ್ನ ಬಿಡಿ, ಹಾಲು ಬಿಡಿ, ಗೋಧಿ ಬಿಡಿ, ನಾಲ್ಕು ಥರ ಬೀಜ ತಿನ್ನಿ ಅಂತಾರೆ. ಊರಿಗೆ ಹೋದ್ರೆ ಬೆಳಿಗ್ಗೆ ಅಕ್ಕಿ ರೊಟ್ಟಿನೋ ಕಡುಬೋ, ಮಧ್ಯಾಹ್ನ ರಾತ್ರಿ ಎರಡೂ ಹೊತ್ತು ಅನ್ನ. ಬೇಡ ಅಂದ್ರೆ ಅಮ್ಮ ಮುಖ ಸಣ್ಣ ಮಾಡ್ಕೊಂಡು ಕೂತ್ಕೋತಾರೆ. ಏನ್ ಮಾಡ್ಲಿ?

ಉತ್ತರ: ಅನ್ನ ಪೂರ್ತಿ ಬಿಡೋದೇನೂ ಬೇಡ. ಆದ್ರೆ ತಟ್ಟೇಲಿ ಅನ್ನದ ಪಕ್ಕ ಏನಿದೆ ಅಂತ ನೋಡ್ಬೇಕು, ನಮ್ಮ ಮಲ್ನಾಡ್ ಊಟದ ಕೊರತೆ ಇರೋದು ಅಲ್ಲೇ.

ಅದಕ್ಕೂ ಮುಂಚೆ ಒಂದ್ ಮಾತು. ಸ್ಕ್ಯಾನ್ ರಿಪೋರ್ಟ್ ಒಂದನ್ನೇ ಹಿಡ್ಕೊಂಡು ಪಿಸಿಓಡಿ ಅಂತ ತೀರ್ಮಾನ ಮಾಡೋ ಹಾಗಿಲ್ಲ. ಮುಟ್ಟು ಏರುಪೇರು, ಗಂಡು ಹಾರ್ಮೋನ್ ಜಾಸ್ತಿ ಇರೋ ಲಕ್ಷಣ, ಸ್ಕ್ಯಾನಲ್ಲಿ ಕಾಣೋ ಗುಳ್ಳೆಗಳು, ಈ ಮೂರರಲ್ಲಿ ಎರಡು ಇರಬೇಕು, ಬೇರೆ ಕಾರಣ ಇಲ್ಲ ಅಂತನೂ ಗೊತ್ತಾಗ್ಬೇಕು. ಹಾಗಾಗಿ ಥೈರಾಯ್ಡ್, ಪ್ರೊಲ್ಯಾಕ್ಟಿನ್ ಅನ್ನೋ ಹಾರ್ಮೋನ್, ಶುಗರ್ ಟೆಸ್ಟ್ ಆಗಿಲ್ಲ ಅಂದ್ರೆ ಡಾಕ್ಟರ್ ಹತ್ರ ಕೇಳಿ ಮಾಡಿಸ್ಕೊಳ್ಳಿ. ಇನ್ನೊಂದು, 90 ದಿನ ದಾಟಿದ್ರೂ ಮುಟ್ಟಾಗಿಲ್ಲ ಅಂದ್ರೆ ಡಯಟ್ ಮಾಡಿ ನೋಡೋಣ ಅಂತ ಕಾಯ್ಬೇಡಿ, ಗರ್ಭಕೋಶದ ಒಳಪದರ ದಪ್ಪ ಆಗ್ತಾ ಹೋಗುತ್ತೆ, ಅದಕ್ಕೆ ಔಷಧಿ ಬೇಕಾಗುತ್ತೆ, ಸೊಪ್ಪು ತರಕಾರಿ ಸಾಕಾಗಲ್ಲ.

ಈಗ ಊಟಕ್ಕೆ ಬರೋಣ. ಪಿಸಿಓಡಿ ಇರೋ ತುಂಬಾ ಜನಕ್ಕೆ ರಕ್ತದ ಸಕ್ಕರೆ ಇಳಿಸೋ ಹಾರ್ಮೋನ್ ಇನ್ಸುಲಿನ್ ಸರಿಯಾಗಿ ಕೆಲಸ ಮಾಡಲ್ಲ, ಆಗ ದೇಹ ಇನ್ನೂ ಜಾಸ್ತಿ ಇನ್ಸುಲಿನ್ ಬಿಡುತ್ತೆ, ಆ ಜಾಸ್ತಿ ಇನ್ಸುಲಿನ್ ಅಂಡಾಶಯಕ್ಕೆ ಗಂಡು ಹಾರ್ಮೋನ್ ಮಾಡು ಅಂತ ಕುಮ್ಮಕ್ಕು ಕೊಡುತ್ತೆ, ಜೊತೆಗೆ ರಕ್ತದಲ್ಲಿ ಆ ಹಾರ್ಮೋನನ್ನ ಹಿಡಿದಿಟ್ಕೊಳ್ಳೋ ಒಂದು ಪ್ರೋಟೀನ್ ಲಿವರಲ್ಲಿ ತಯಾರಾಗೋದೂ ಕಮ್ಮಿ ಆಗುತ್ತೆ. ನಿಮ್ಮ ಗಲ್ಲದ ಕೂದಲು, ತಡವಾಗೋ ಮುಟ್ಟು ಎರಡಕ್ಕೂ ಇಲ್ಲಿಂದ ದಾರಿ ಇದೆ. ಅಂದ್ರೆ ಒಂದೇ ಸಲ ಸಕ್ಕರೆ ಅಂಶ ರಕ್ತಕ್ಕೆ ನುಗ್ಗದ ಹಾಗೆ ಉಣ್ಣಬೇಕು, ಅಷ್ಟೇ.

ಊರಿನ ಊಟ ನೋಡಿ. ಬೆಳಿಗ್ಗೆ ಮೂರು ಅಕ್ಕಿ ರೊಟ್ಟಿ, ಕಾಯಿ ಚಟ್ನಿ, ಸಕ್ಕರೆ ಹಾಕಿದ ಕಾಫಿ. ಹನ್ನೊಂದಕ್ಕೆ ಇನ್ನೊಂದು ಕಾಫಿ. ಮಧ್ಯಾಹ್ನ ಒಂದು ರಾಶಿ ಅನ್ನ, ಮೊದ್ಲು ತಂಬುಳಿ, ಆಮೇಲೆ ಸಾರು, ಆಮೇಲೆ ಮಜ್ಜಿಗೆ, ನಂಚಿಕೊಳ್ಳೋಕೆ ಅಪ್ಪೆಮಿಡಿ, ಪಲ್ಯ ಅಂತ ಎರಡು ಚಮಚ. ರುಚಿಗೆ ಎರಡು ಮಾತಿಲ್ಲ, ಒಂದೆಲಗದ ತಂಬುಳಿ ಮಾಡಿದ ದಿನ ನಾನೂ ಇನ್ನೊಂದು ಸಲ ಅನ್ನ ಹಾಕಿಸ್ಕೊಳ್ಳೋಳೇ. ಆದ್ರೆ ಇದ್ರಲ್ಲಿ ಪ್ರೋಟೀನ್ ಎಲ್ಲಿದೆ? ದೊಡ್ಡವರಿಗೆ ದಿನಕ್ಕೆ ತೂಕದ ಒಂದು ಕೆಜಿಗೆ 0.83 ಗ್ರಾಂ ಪ್ರೋಟೀನ್ ಬೇಕು ಅಂತ ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಹೇಳುತ್ತೆ, 60 ಕೆಜಿ ಇದ್ರೆ ಹತ್ರ ಹತ್ರ 50 ಗ್ರಾಂ. ಒಂದು ಸೌಟು ತಿಳಿ ಸಾರಲ್ಲಿ ಎರಡು ಮೂರು ಗ್ರಾಂ ಸಿಕ್ಕಿದ್ರೆ ಪುಣ್ಯ.

ಹುರುಳಿ ವಿಷಯ ಹೇಳ್ಲೇಬೇಕು. ನಮ್ಮಲ್ಲಿ ಎಷ್ಟೋ ಮನೇಲಿ ಹುರುಳಿ ಬೇಯಿಸಿ ಕಟ್ಟು ಬಸಿದು ಸಾರು ಮಾಡ್ಕೊಂಡು, ಬೆಂದ ಕಾಳನ್ನ ಕೊಟ್ಟಿಗೆಗೆ ಕಳಿಸ್ತಾರೆ. ಒಣ ಹುರುಳಿಲಿ 100 ಗ್ರಾಮಿಗೆ ಸುಮಾರು 22 ಗ್ರಾಂ ಪ್ರೋಟೀನ್ ಇರುತ್ತೆ, ಅದ್ರಲ್ಲಿ ಹೆಚ್ಚಿನ ಪಾಲು ಎಮ್ಮೆ ತಿಂದು ನಾವು ನೀರು ಕುಡಿದು ಹುರುಳಿ ಸಾರು ಭಾರಿ ಶಕ್ತಿ ಅಂತೀವಿ! ಎಮ್ಮೆಗೂ ಕೊಡಿ, ಬೇಡ ಅನ್ನಲ್ಲ, ಒಂದು ಬಟ್ಟಲು ಕಾಳು ಎತ್ತಿಟ್ಕೊಂಡು ಒಗ್ಗರಣೆ ಹಾಕಿ ಕಾಯಿತುರಿ ಉದುರಿಸಿ ಪಲ್ಯ ಮಾಡ್ಕೊಳ್ಳಿ. ಬೆಳಿಗ್ಗೆ ಮೂರು ರೊಟ್ಟಿ ಜಾಗದಲ್ಲಿ ಎರಡು, ಜೊತೆಗೆ ಈ ಪಲ್ಯನೋ ಎರಡು ಮೊಟ್ಟೆನೋ. ಮಧ್ಯಾಹ್ನ ಮೊದ್ಲು ಪಲ್ಯ, ಕಾಳು ತಿಂದು ಆಮೇಲೆ ಅನ್ನಕ್ಕೆ ಕೈ ಹಾಕಿ, ಊಟದ ಕ್ರಮ ಇಷ್ಟು ಬದಲಾದ್ರೂ ಶುಗರ್ ಏರೋದು ತಗ್ಗುತ್ತೆ. ಮೀನು, ಕೋಳಿ ತಿನ್ನೋ ಮನೆಯಾದ್ರೆ ಇನ್ನೂ ಸುಲಭ, ಆದ್ರೆ ಸಾರಿನ ರಸ ಅಲ್ಲ, ತುಂಡು ತಿನ್ನಿ. ಉಂಡ ತಕ್ಷಣ ಮೊಬೈಲ್ ಹಿಡಿದು ಮಲಗೋ ಬದ್ಲು ಹತ್ತು ಹದಿನೈದು ನಿಮಿಷ ನಡೀರಿ. ಪಿಜಿ ಊಟ ಹೇಗಿರುತ್ತೆ ಅಂತ ನಂಗೂ ಗೊತ್ತು, ರೂಮಲ್ಲಿ ಹುರಿಗಡಲೆ, ಕಡ್ಲೆಬೀಜ, ನೆನೆಸಿದ ಹೆಸರುಕಾಳು ಇಟ್ಕೊಂಡ್ರೆ ಅರ್ಧ ಕೆಲಸ ಆಯ್ತು.

ಬೆಲ್ಲದ ಕಾಫಿ ಕುಡಿದ್ರೆ ಪರವಾಗಿಲ್ವಾ ಅಂತ ಮುಂದಿನ ಪ್ರಶ್ನೆ ಬರುತ್ತೆ ಅಂತ ಗೊತ್ತು. ಜೋನಿ ಬೆಲ್ಲ ಆದ್ರೂ ಇನ್ಸುಲಿನ್‌ಗೆ ಅದು ಸಕ್ಕರೆನೇ.

ಹಾಲು, ಗೋಧಿ ಹೊಟ್ಟೆಗೆ ಒಗ್ಗುತ್ತೆ ಅಂದ್ರೆ ಬಿಡೋ ಕಾರಣ ಇಲ್ಲ. 2023ರ ಅಂತಾರಾಷ್ಟ್ರೀಯ ಪಿಸಿಓಎಸ್ (ಪಿಸಿಓಡಿಗೇ ಇನ್ನೊಂದು ಹೆಸರು) ಮಾರ್ಗಸೂಚಿನೂ ಇದೇ ಡಯಟ್ ಮೇಲು ಅಂತ ಯಾವುದನ್ನೂ ಹೇಳಿಲ್ಲ, ನಿಮಗೆ ತುಂಬಾ ದಿನ ಪಾಲಿಸೋಕಾಗೋ ಸಮತೋಲನದ ಊಟ ಮಾಡಿ ಅಂತಷ್ಟೇ. ಬೀಜಗಳ ಕಥೆ ಇನ್ನೂ ಮಜಾ. ಮುಟ್ಟಿನ ಮೊದಲ ಹದಿನಾಲ್ಕು ದಿನ ಅಗಸೆ, ಕುಂಬಳಬೀಜ, ಆಮೇಲೆ ಎಳ್ಳು, ಸೂರ್ಯಕಾಂತಿ ಅಂತಾರೆ, ನಿಮ್ಗೆ ಮುಟ್ಟೇ ಮೂರು ತಿಂಗಳಿಗೊಮ್ಮೆ ಆದ್ರೆ ಹದಿನಾಲ್ಕನೇ ದಿನ ಯಾವುದು ಅಂತ ಎಣಿಸೋರು ಯಾರು? ಅದಕ್ಕೆ ಗಟ್ಟಿ ಪುರಾವೆನೂ ಇಲ್ಲ. ಅಗಸೆ ಚಟ್ನಿಪುಡಿ ಮಾಡ್ಕೊಂಡು ಯಾವಾಗ ಬೇಕಾದ್ರೂ ತಿನ್ನಿ, ದುಡ್ಡು ಕೊಟ್ಟು ಹಾರ್ಮೋನ್ ಪೌಡರ್ ತರಿಸ್ಬೇಡಿ.

ತೂಕ ಜಾಸ್ತಿ ಇದ್ರೆ ಅದ್ರಲ್ಲಿ ನೂರಕ್ಕೆ 5ರಿಂದ 10ರಷ್ಟು ಇಳಿದ್ರೂ ಎಷ್ಟೋ ಜನಕ್ಕೆ ಮುಟ್ಟು ಸರಿ ದಾರಿಗೆ ಬರುತ್ತೆ. 70 ಕೆಜಿ ಇರೋರು ಮೂರೂವರೆ ಕೆಜಿ ಇಳಿಸಿದ್ರೂ ಲೆಕ್ಕಕ್ಕಿದೆ. ನೀವು ತೆಳ್ಳಗಿದ್ರೆ ಉಪವಾಸ ಗಿಪವಾಸ ಮಾಡ್ಬೇಡಿ, ಅದರಿಂದ್ಲೂ ಮುಟ್ಟು ನಿಲ್ಲುತ್ತೆ. ಕೂದಲು ಮಾತ್ರ ನಿಧಾನ, ಊಟ ಒಂದರಿಂದ ಹೋಗುತ್ತೆ ಅಂತ ಆಸೆ ಇಟ್ಕೋಬೇಡಿ, ಚರ್ಮದ ಡಾಕ್ಟರ್ ಹತ್ರ ದಾರಿ ಇದೆ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡ್ಲಿ ಅಂತ ಡಾಕ್ಟರ್ ಮೆಟ್‌ಫಾರ್ಮಿನ್ ಕೊಟ್ಟಿದ್ರೆ ನನ್ನ ಮಾತು ಕೇಳಿ ನಿಲ್ಲಿಸ್ಬೇಡಿ, ವರ್ಷಗಟ್ಟಲೆ ತಗೊಂಡ್ರೆ ಬಿ12 ಕಮ್ಮಿ ಆಗಬಹುದು, ಅದನ್ನ ನೋಡಿಸ್ತಾ ಇರಿ.

ಪ್ರಶ್ನೆ: ವಯಸ್ಸು 41, ಸಾಗರ. ಥೈರಾಯ್ಡ್ ಮಾತ್ರೆ ಶುರುವಾಗಿ ನಾಲ್ಕು ವರ್ಷ ಆಯ್ತು, ಥೈರಾಯ್ಡ್ ಕಮ್ಮಿ ಇದ್ದಾಗ ಏರೋ ಟಿಎಸ್‌ಎಚ್ ಇಳೀತಾನೇ ಇಲ್ಲ, ಡೋಸ್ ಏರಿಸ್ತಾನೇ ಇದಾರೆ. ಬೆಳಿಗ್ಗೆ ಎದ್ದ ಕೂಡ್ಲೇ ಕಾಫಿ ಜೊತೆ ತಪ್ಪದೇ ತಗೋತೀನಿ. ರಕ್ತ ಕಮ್ಮಿ ಅಂತ ಕೊಟ್ಟಿರೋ ಐರನ್ ಮಾತ್ರೆನೂ ಆಗ್ಲೇ. ಎಲೆಕೋಸು, ಕಳಲೆ (ಎಳೆ ಬಿದಿರು) ಪೂರ್ತಿ ಬಿಡ್ಬೇಕು ಅಂತಾರೆ ಹೌದಾ?

ಉತ್ತರ: ಎಲೆಕೋಸಿನ ಮೇಲೆ ಯಾಕೆ ಗೂಬೆ ಕೂರಿಸ್ತೀರಿ, ನಿಮ್ಮ ಪತ್ರದಲ್ಲೇ ಉತ್ತರ ಇದೆ: ಕಾಫಿ ಜೊತೆ! ಥೈರಾಕ್ಸಿನ್ ಮಾತ್ರೆನ ಖಾಲಿ ಹೊಟ್ಟೇಲಿ ಬರೀ ನೀರಲ್ಲಿ ನುಂಗಿ, ಅರ್ಧದಿಂದ ಒಂದು ಗಂಟೆ ಏನೂ ಕುಡೀಬಾರ್ದು, ತಿನ್ನಬಾರ್ದು. ಕಾಫಿ ಜೊತೆ ಹೋದ್ರೆ ಮಾತ್ರೆ ಪೂರ್ತಿ ಮೈಗೆ ಹತ್ತಲ್ಲ. ಐರನ್, ಕ್ಯಾಲ್ಸಿಯಂ ಜೊತೆ ಇನ್ನೂ ಕಷ್ಟ, ನಾಲ್ಕು ಗಂಟೆ ಅಂತರ ಬೇಕು. ಐರನ್ ಮಾತ್ರೆ ಮಧ್ಯಾಹ್ನಕ್ಕೆ ಹಾಕ್ಕೊಳ್ಳಿ, ನಿಂಬೆರಸನೋ ನೆಲ್ಲಿಕಾಯಿನೋ ಜೊತೆಗಿದ್ರೆ ಒಳ್ಳೇದು, ಅದರ ಹಿಂದೆ ಮುಂದೆ ಕಾಫಿ ಟೀ ಬೇಡ.

ಆದ್ರೆ ಇಲ್ಲೊಂದು ಎಚ್ಚರಿಕೆ ಇದೆ. ನಿಮ್ಮ ಈಗಿನ ಡೋಸ್ ಅರ್ಧಂಬರ್ಧ ಹತ್ತೋ ಲೆಕ್ಕದಲ್ಲಿ ಏರಿಸಿರೋದು. ನಾಳೆಯಿಂದ ಸರಿಯಾಗಿ ತಗೊಂಡ್ರೆ ಅದೇ ಜಾಸ್ತಿ ಆಗಿ ಎದೆ ಡವಡವ, ಕೈ ನಡುಕ ಬರಬಹುದು. ಹಾಗಾಗಿ ಡಾಕ್ಟರಿಗೆ ಕಾಫಿ ವಿಷಯ ಮುಚ್ಚಿಡದೆ ಹೇಳಿ, ಆರರಿಂದ ಎಂಟು ವಾರ ಬಿಟ್ಟು ಟಿಎಸ್‌ಎಚ್ ಮತ್ತೆ ನೋಡಿಸಿ. ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗ್ತಿದ್ರೆ ಅದನ್ನೂ ಹೇಳಿ, ಥೈರಾಯ್ಡ್ ಕಮ್ಮಿ ಇದ್ರೂ ಹಾಗಾಗುತ್ತೆ, ಹಿಮೋಗ್ಲೋಬಿನ್ 12ಕ್ಕಿಂತ ಕೆಳಗೆ ಇಳಿಯೋಕೆ ಅದೇ ಕಾರಣ ಆಗಿರಬಹುದು.

ಬೇಯಿಸಿದ ಎಲೆಕೋಸು ತಿನ್ನಿ. ಕಳಲೇಲಿ ಸಯನೈಡ್ ಬಿಡೋ ಅಂಶ ಇರೋದು ನಿಜ, ಅದು ಮೈಯಲ್ಲಿ ಥೈರಾಯ್ಡಿಗೆ ಅಯೋಡಿನ್ ಸಿಗೋದಕ್ಕೆ ಅಡ್ಡ ಬರೋ ವಸ್ತುವಾಗಿ ಬದಲಾಗುತ್ತೆ. ಆದ್ರೆ ನಮ್ಮ ಅಜ್ಜಿಯಂದ್ರು ಕಳಲೆ ಹೆಚ್ಚಿ ನೀರಲ್ಲಿ ಹಾಕಿ ದಿನಾ ನೀರು ಬದಲಿಸಿ ಆಮೇಲೆ ಬೇಯಿಸ್ತಿದ್ದಿದ್ದು ಸುಮ್ನೆ ಅಲ್ಲ, ಆ ಅಂಶ ನೀರಿನ ಜೊತೆ ಹೋಗ್ಲಿ ಅಂತ. ಆತುರಕ್ಕೆ ಆ ಕೆಲಸ ಬಿಡ್ಬೇಡಿ, ಮಳೆಗಾಲದಲ್ಲಿ ಆಗೀಗ ತಿಂದ್ರೆ ತೊಂದ್ರೆ ಇಲ್ಲ. ಅಡಿಗೆಗೆ ಅಯೋಡಿನ್ ಉಪ್ಪೇ ಇರಲಿ, ಮುಚ್ಚಿದ ಡಬ್ಬೀಲಿ, ಒಲೆಯಿಂದ ದೂರ.

ಪ್ರಶ್ನೆ: 49 ವರ್ಷ, ಹೊಸನಗರ. ಇದ್ದಕ್ಕಿದ್ದ ಹಾಗೆ ಮೈ ಬಿಸಿ ಏರಿ ಬೆವರುತ್ತೆ, ರಾತ್ರಿ ನಿದ್ದೆ ಇಲ್ಲ. ಸೋಯಾ ತಿನ್ನಿ ಅಂತ ಒಬ್ಬರು, ಕ್ಯಾನ್ಸರ್ ಬರುತ್ತೆ ಅಂತ ಇನ್ನೊಬ್ಬರು.

ಉತ್ತರ: ಅಡಿಗೇಲಿ ಬಳಸೋ ಸೋಯಾದಿಂದ ಕ್ಯಾನ್ಸರ್ ಬರಲ್ಲ. ಬಿಸಿ ಏರೋದು ಕೆಲವರಿಗೆ ಸ್ವಲ್ಪ ಕಮ್ಮಿ ಆಗುತ್ತೆ, ಕೆಲವರಿಗೆ ಏನೂ ಆಗಲ್ಲ. ಸಂಜೆ ಮೇಲೆ ಕಾಫಿ, ರಾತ್ರಿ ಖಾರ ಕಮ್ಮಿ ಮಾಡಿ ನೋಡಿ. ಅಡಿಕೆ ಸುಲಿಯೋ ಸೀಸನ್ನಲ್ಲಿ ಹನ್ನೆರಡು ಗಂಟೆ ತನಕ ಕೂತು ಮಧ್ಯೆ ಮಧ್ಯೆ ಕಾಫಿ, ಎಲೆ ಅಡಿಕೆ ಕವಳ ಅಂತ ಹಾಕ್ತಾ ಇದ್ರೆ ಯಾವ ಹಾರ್ಮೋನಿದ್ರೂ ನಿದ್ದೆ ಬರಲ್ಲ ಬಿಡಿ. ಈ ವಯಸ್ಸಲ್ಲಿ ಊಟದಿಂದ ನಿಜವಾಗ್ಲೂ ಆಗೋ ಲಾಭ ಮೂಳೆಗೆ. ಮುಟ್ಟು ನಿಂತ ಮೇಲೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು, 100 ಗ್ರಾಂ ರಾಗೀಲಿ ಸುಮಾರು 350 ಸಿಗುತ್ತೆ, ಒಂದು ಲೋಟ ಹಾಲಲ್ಲಿ ಇನ್ನೂರು ಚಿಲ್ಲರೆ. ರಾಗಿ ಬಯಲುಸೀಮೆಯವರ ಊಟ ಅಂತ ಮೂಗು ಮುರೀದೆ ವಾರಕ್ಕೆ ನಾಲ್ಕು ದಿನ ರಾಗಿ ರೊಟ್ಟಿನೋ ಅಂಬಲಿನೋ ಮಾಡಿ. ಬೆವರು ನಿದ್ದೆನೇ ಕೆಡಿಸ್ತಿದ್ರೆ ಸಹಿಸ್ಕೊಂಡು ಕೂರ್ಬೇಡಿ, ಅದಕ್ಕೆ ಒಳ್ಳೆ ಔಷಧಿ ಇದೆ. ಒಂದು ವರ್ಷ ಮುಟ್ಟು ನಿಂತು ಮತ್ತೆ ರಕ್ತ ಕಂಡ್ರೆ ಅದೇ ವಾರ ಡಾಕ್ಟರ್ ಹತ್ರ ಹೋಗಿ.

ಪ್ರಶ್ನೆ: ಮಗಳಿಗೆ 14, ದೊಡ್ಡವಳಾಗಿ ಒಂಬತ್ತು ತಿಂಗಳು. ತಿಂಗಳು ತಿಂಗಳು ಸರಿಯಾಗಿ ಆಗಲ್ಲ. ಪಿಸಿಓಡಿ ಡಯಟ್ ಶುರು ಮಾಡ್ಲಾ?

ಉತ್ತರ: ಖಂಡಿತ ಬೇಡ. ಮೊದಲ ವರ್ಷ ಹೀಗೆ ಹಿಂದೆ ಮುಂದೆ ಆಗೋದು ಸಹಜ, ಈ ವಯಸ್ಸಲ್ಲಿ ಪಿಸಿಓಡಿ ಅಂತ ಹೇಳೋಕೆ ಸ್ಕ್ಯಾನೂ ಬಳಸಲ್ಲ. ವರ್ಷ ಕಳೆದ ಮೇಲೂ ಮೂರು ತಿಂಗಳು ಆಗ್ಲೇ ಇಲ್ಲ ಅಂದ್ರೆ, ಅಥವಾ ವಾರ ಮೀರಿ ರಕ್ತ ಹೋದ್ರೆ ತೋರಿಸಿ. ಬೆಳಿಗ್ಗೆ ಕಾಫಿಗೆ ಬಿಸ್ಕೆಟ್ ಅದ್ದಿ ತಿಂದು ಬಸ್ಸಿಗೆ ಓಡ್ತಾಳೆ ಅಂದ್ರೆ ಅದನ್ನ ಮೊದ್ಲು ಸರಿ ಮಾಡಿ, ಎರಡು ದೋಸೆ ಜೊತೆ ಒಂದು ಮೊಟ್ಟೆನೋ ಕಾಳುಪಲ್ಯನೋ ಡಬ್ಬಿಗೆ ಹಾಕಿ ಕಳಿಸಿ.