ಲಾಭ ಇದೆ, ಸಂಬಳಕ್ಕೆ ದುಡ್ಡಿಲ್ಲ ಅಂದವರಿಗೆ

ಸರ್, ಆರ್ಡರ್ ದುಪ್ಪಟ್ಟಾಗಿದೆ, ಲೆಕ್ಕದಲ್ಲಿ ಲಾಭವೂ ಇದೆ, ಆದರೆ ಸಂಬಳ ಕೊಡಲು ಓಡಿ (ಓವರ್‌ಡ್ರಾಫ್ಟ್, ಅಂದರೆ ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ತೆಗೆಯಲು ಬ್ಯಾಂಕ್ ಕೊಡುವ ಸಾಲ) ಎಳೆಯುತ್ತಿದ್ದೇನೆ ಅಂದಿದ್ದೀರಿ. ಇನ್ನೊಂದು ದೊಡ್ಡ ಆರ್ಡರ್ ಹಿಡಿದರೆ ಸರಿಹೋಗುತ್ತದೆ ಅಂತಲೂ ಬರೆದಿದ್ದೀರಿ. ಸರಿಹೋಗುವುದಿಲ್ಲ. ನಾನೂ ಹಾಗೇ ಅಂದುಕೊಂಡು ಸಿಕ್ಕಿಬಿದ್ದವನು.

ನೀವೇ ಕೊಟ್ಟ ಅಂಕಿ ನೋಡಿ. ಸರಕು ಗೋಡೌನಿನಲ್ಲಿ 30 ದಿನ, ಗಿರಾಕಿಯ ಬಾಕಿ 60 ದಿನ, ಸಪ್ಲೈಯರ್ ನಿಮಗೆ ಕೊಡುವ ಗಡುವು ಬರೀ 15 ದಿನ. 30ಕ್ಕೆ 60 ಕೂಡಿಸಿ 15 ಕಳೆಯಿರಿ. ಹಾಕಿದ ದುಡ್ಡು ವಾಪಸ್ ಬರಲು 75 ದಿನ. ಮಾರಾಟ ದುಪ್ಪಟ್ಟಾದರೆ ಹೀಗೆ ಸಿಕ್ಕಿಕೊಳ್ಳುವ ದುಡ್ಡೂ ಹತ್ತಿರ ಹತ್ತಿರ ದುಪ್ಪಟ್ಟಾಗುತ್ತದೆ, ಅಲ್ವಾ? ಅದನ್ನು ಎಲ್ಲಿಂದ ತರುತ್ತೀರಿ?

ನನಗೆ ಕೆಲಸಕ್ಕೆ ಬಂದಿದ್ದು ಮುಂದಿನ 13 ವಾರ ದುಡ್ಡು ಬರುವ-ಹೋಗುವ ಅಂದಾಜಿನ ಶೀಟ್. ವಾರಕ್ಕೊಂದು ಕಾಲಂ: ಆರಂಭದ ಬ್ಯಾಲೆನ್ಸ್, ಬರುವುದು, ಹೋಗುವುದು, ಉಳಿಯುವುದು. ತಿಂಗಳ ಲೆಕ್ಕ ಬೇಡ. ತಿಂಗಳ ಕೊನೆಗೆ ಬ್ಯಾಲೆನ್ಸ್ ಚೆನ್ನಾಗಿಯೇ ಕಾಣುತ್ತದೆ, ಎರಡನೇ ವಾರದಲ್ಲಿ ಮೈನಸ್ ಆಗಿದ್ದು ಅದರಲ್ಲಿ ಗೊತ್ತೇ ಆಗುವುದಿಲ್ಲ. ಬಿಲ್‌ನಲ್ಲಿರುವ ಗಡುವನ್ನೂ ಹಾಕಬೇಡಿ. 60 ದಿನ ಅಂತ ಹೇಳಿ 80ಕ್ಕೆ ಕೊಡುವವನಿಗೆ 80 ಅಂತಲೇ ಹಾಕಿ. ಬರುತ್ತದೋ ಇಲ್ಲವೋ ಅನ್ನುವ ಬಾಕಿಗೆ ಸೊನ್ನೆ. ಪ್ರತಿ ಸೋಮವಾರ ಅಂದಾಜಿನ ಪಕ್ಕದಲ್ಲಿ ನಿಜವಾಗಿ ಬಂದದ್ದು ಬರೆದು, ಕೊನೆಗೆ ಹೊಸ ವಾರ ಸೇರಿಸಿ. ಈ ಪಕ್ಕದ ಕಾಲಂ ಬಿಟ್ಟರೆ ಶೀಟ್ ಮಾಡಿಯೂ ಪ್ರಯೋಜನವಿಲ್ಲ. ಯಾವ ಗಿರಾಕಿ ಎಷ್ಟು ಎಳೆಯುತ್ತಾನೆ ಅನ್ನುವುದು ಗೊತ್ತಾಗುವುದೇ ಅಲ್ಲಿ.

ಇದಕ್ಕೆ ದುಬಾರಿ ಆಪ್ ಬೇಡ, ಎಕ್ಸೆಲ್ ಸಾಕು. ಗೂಗಲ್ ಶೀಟ್ಸ್ ಕೂಡ ಪರವಾಗಿಲ್ಲ, ಆದರೆ ಎಲ್ಲರಿಗೂ ಎಡಿಟ್ ಕೊಟ್ಟು ಕೂರಬೇಡಿ.

ಲಾಭದ ಲೆಕ್ಕವೇ ಬೇರೆ, ಕೈಯಲ್ಲಿರುವ ದುಡ್ಡೇ ಬೇರೆ. ಸಾಲದ ಅಸಲು ಲಾಭ-ನಷ್ಟದ ಪಟ್ಟಿಯಲ್ಲಿ ಬರುವುದಿಲ್ಲ, ಬಡ್ಡಿ ಮಾತ್ರ ಬರುತ್ತದೆ. ಆದರೆ ಬ್ಯಾಂಕಿನಿಂದ ಎರಡೂ ಹೋಗುತ್ತದೆ. ಸವಕಳಿ (ಮೆಷಿನ್ ಹಳೆಯದಾದಂತೆ ಇಳಿಯುವ ಬೆಲೆ) ಉಲ್ಟಾ: ಪಟ್ಟಿಯಲ್ಲಿ ಖರ್ಚು, ಜೇಬಿನಿಂದ ಏನೂ ಹೋಗುವುದಿಲ್ಲ. ಗಿರಾಕಿಯಿಂದ ವಸೂಲಿ ಮಾಡಿದ ತೆರಿಗೆ ನಿಮ್ಮ ದುಡ್ಡಲ್ಲ, ಬೇರೆ ಖಾತೆಗೆ ಹಾಕಿ.

ನಿಮಗೆ ಇನ್ಯಾರೋ "ಬೇಗ ದುಡ್ಡು ಕೊಟ್ಟ ಗಿರಾಕಿಗೆ ಬಿಲ್‌ನಲ್ಲಿ 2% ಬಿಡಿ" ಅಂತ ಸಲಹೆ ಕೊಟ್ಟಿದ್ದಾರೆ. ಸುಮ್ನೆ ಬಿಡಬೇಡಿ. ಉದಾಹರಣೆಗೆ, 30 ದಿನದ ಬದಲು 10 ದಿನಕ್ಕೆ ಕೊಟ್ಟವರಿಗೆ 2% ಬಿಡುವುದೆಂದರೆ 20 ದಿನಕ್ಕೆ 2%. ವರ್ಷದ ಲೆಕ್ಕದಲ್ಲಿ ಸುಮಾರು 37% ಬಡ್ಡಿ ಆಯಿತು. ಓಡಿಯೇ ಅದಕ್ಕಿಂತ ಅಗ್ಗ. ಓಡಿ ಮಿತಿಯೂ ಮುಗಿದಿದ್ದರೆ ಮಾತು ಬೇರೆ. ಅದಕ್ಕಿಂತ ಮೊದಲು ಸರಕು ಕಳಿಸಿದ ದಿನವೇ ಬಿಲ್ ಕಳಿಸುವ ಅಭ್ಯಾಸ ಮಾಡಿ. ಬಿಲ್ ಒಂದು ವಾರ ನಿಮ್ಮ ಮೇಜಿನ ಮೇಲೇ ಕೂತಿದ್ದರೆ ಆ ಉದ್ದರಿ ಕೊಟ್ಟವರು ನೀವೇ.

ಓಡಿ ದುಡ್ಡಿನಲ್ಲೇ ಮೆಷಿನ್ ತರುವ ಯೋಚನೆ ಇದ್ದರೆ ದಯವಿಟ್ಟು ಬಿಡಿ. ಓಡಿಯನ್ನು ಬ್ಯಾಂಕ್ ಯಾವಾಗ ಬೇಕಾದರೂ ವಾಪಸ್ ಕೇಳಬಹುದು. ಮೆಷಿನ್ ತನ್ನ ಬೆಲೆ ದುಡಿದು ಕೊಡಲು ವರ್ಷಗಳು ಬೇಕು. ಅದಕ್ಕೆ ಟರ್ಮ್ ಲೋನ್ (ವರ್ಷಗಟ್ಟಲೆ ಕಂತಿನಲ್ಲಿ ತೀರಿಸುವ ಸಾಲ) ತಗೊಳ್ಳಿ. ಹೊಸ ಆರ್ಡರ್‌ಗೆ ಕಚ್ಚಾ ಮಾಲಿನ ಖರ್ಚಿನಷ್ಟಾದರೂ ಅಡ್ವಾನ್ಸ್ ಕೇಳಿ.

ಒಟ್ಟು ಬಾಕಿಯಲ್ಲಿ ನಿಮ್ಮ ಅತಿ ದೊಡ್ಡ ಗಿರಾಕಿ ಒಬ್ಬನದೇ ಎಷ್ಟು ಅಂತ ನೀವು ಬರೆದಿಲ್ಲ. ಅರ್ಧಕ್ಕಿಂತ ಜಾಸ್ತಿ ಇದ್ದರೆ ಅವನ ಹೊಸ ಆರ್ಡರ್ ಈಗಲೇ ಒಪ್ಪಬೇಡಿ, ಹಳೆಯದು ಮೊದಲು ಬರಲಿ.