ಪ್ಯಾಲೆಸ್ಟೀನಿನ ಸ್ಥಿತಿಯನ್ನು ಅಪಾರ್ಥೈಡ್ ಅಂತ ಕರೆಯೋದು ಸರಿಯಾ?

ಇಸ್ರೇಲಿನಲ್ಲಿ ಅರಬರು ಮತ ಹಾಕುತ್ತಾರೆ, ಸಂಸತ್ತಿನಲ್ಲೂ ಇದ್ದಾರೆ, 'ಬಿಳಿಯರಿಗೆ ಮಾತ್ರ' ಅನ್ನುವಂಥ ಬೋರ್ಡು ಎಲ್ಲೂ ಇಲ್ಲ, ಹಾಗಿರುವಾಗ ದಕ್ಷಿಣ ಆಫ್ರಿಕಾದ ಅಪಾರ್ಥೈಡ್‌ಗೆ, ಅಂದರೆ ಕರಿಯರನ್ನು ಕಾನೂನಿನಿಂದಲೇ ಬೇರೆ ಇಟ್ಟ ವ್ಯವಸ್ಥೆಗೆ ಹೋಲಿಸೋದು ಉತ್ಪ್ರೇಕ್ಷೆ ಅಲ್ವಾ ಅಂತ ಕೇಳಿದ್ದೀರಿ. ಒಂದು ಕಾಲಕ್ಕೆ ನಾನೂ ಹಾಗೇ ಅಂದುಕೊಂಡಿದ್ದೆ. 2012ರಿಂದ 2017ರವರೆಗೆ ಜೆರುಸಲೇಮಿನಲ್ಲಿ ಇದ್ದು ಬಂದ ಮೇಲೆ ಹಾಗೆ ಅನ್ನಿಸುವುದಿಲ್ಲ.

ನಾನು ಉಡುಪಿ ಕಡೆಯವಳು. ಅಲ್ಲಿ ಒಬ್ಬ ಯಹೂದಿ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸ ನನ್ನದು. ಈ ಕೆಲಸ ಮಾಡುವ ನಮ್ಮನ್ನು ಅಲ್ಲಿ ಮೆಟಪೆಲೆತ್ ಅನ್ನುತ್ತಾರೆ. ಕರಾವಳಿಯಿಂದ ಸಾವಿರಾರು ಜನ ಹೀಗೆ ಹೋಗಿದ್ದಾರೆ. ಎಷ್ಟೋ ಮನೆಗಳ ಸಾಲ ತೀರಿದ್ದು, ಮಕ್ಕಳ ಮದುವೆ ಆಗಿದ್ದು ಅಲ್ಲಿನ ದುಡ್ಡಿನಲ್ಲಿ. ನಮ್ಮ ಮನೆಯದ್ದೂ ಅದೇ ಕಥೆ. ಹಾಗಾಗಿ ಊರಲ್ಲಿ ಈ ವಿಷಯ ಎತ್ತುವುದು ಕಷ್ಟ. ಉಂಡ ಮನೆಗೆ ಎರಡು ಬಗೆಯಬಾರದು ಅನ್ನುತ್ತಾರೆ. ನಾನು ಯಾರಿಗೂ ಎರಡು ಬಗೆಯುತ್ತಿಲ್ಲ. ಕಂಡಿದ್ದನ್ನು ಹೇಳುತ್ತಿದ್ದೇನೆ.

ಅಜ್ಜಿಯ ಮನೆ ಇದ್ದದ್ದು ಗಿಲೋದಲ್ಲಿ. ಜೆರುಸಲೇಮಿನ ದಕ್ಷಿಣ ತುದಿಯ ಗುಡ್ಡ. ಅಡುಗೆಮನೆ ಕಿಟಕಿ ತೆಗೆದರೆ ಎದುರಿಗೆ ಬೆತ್ಲೆಹೇಮ್. ನಾನು ಆ ಮನೆಯಲ್ಲಿ ಎರಡು ವರ್ಷ ಇದ್ದ ಮೇಲೆ ಗೊತ್ತಾಯಿತು, ಗಿಲೋ ಇರುವುದೇ 1967ರ ಯುದ್ಧದಲ್ಲಿ ವಶಪಡಿಸಿಕೊಂಡ ಜಾಗದಲ್ಲಿ ಅಂತ. ಬಸ್ಸು, ಶಾಲೆ, ಪಾರ್ಕು, ಸೂಪರ್ ಮಾರ್ಕೆಟ್ಟು ಎಲ್ಲ ಇರುವ ಮಾಮೂಲಿ ಬಡಾವಣೆ ಅದು. ಅಜ್ಜಿ ಮಗುವಾಗಿದ್ದಾಗ ರೊಮೇನಿಯಾದಲ್ಲಿ ನಾಜಿಗಳ ಕಾಲ ಕಂಡವರು. ತಂದೆಯನ್ನೂ ಇಬ್ಬರು ಅಣ್ಣಂದಿರನ್ನೂ ಕಳೆದುಕೊಂಡಿದ್ದರು. 2000ನೇ ಇಸವಿಯ ನಂತರ ಎದುರಿನ ಬೈತ್ ಜಾಲಾ ಊರಿನಿಂದ ಗಿಲೋ ಕಡೆಗೆ ಗುಂಡು ಹಾರುತ್ತಿದ್ದ ದಿನಗಳಲ್ಲಿ ಅವರು ಬಚ್ಚಲುಮನೆಯಲ್ಲಿ ಮಲಗುತ್ತಿದ್ದರಂತೆ. ಜೋರಾಗಿ ಬಾಗಿಲು ಬಡಿದರೂ ಬೆಚ್ಚಿಬೀಳುತ್ತಿದ್ದರು. ಅವರ ಭಯ ನಾಟಕ ಅಲ್ಲ. ಅವರ ಕೈ ಹಿಡಿದು ಕೂತವಳು ನಾನು, ನನಗೆ ಗೊತ್ತು.

ಶನಿವಾರ ನನಗೆ ರಜೆ. ಅವತ್ತು ಸಬ್ಬತ್, ಯಹೂದಿಗಳ ಕಡೆಯ ಬಸ್ಸು ಓಡುವುದಿಲ್ಲ. ಅರಬರ ಬಸ್ಸು ಓಡುತ್ತದೆ. ಗುಡ್ಡ ಇಳಿದು ಹೆಬ್ರಾನ್ ರಸ್ತೆಗೆ ಬಂದರೆ ಬೆತ್ಲೆಹೇಮಿಗೆ ಹೋಗುವುದು ಸುಲಭ. ಯೇಸು ಹುಟ್ಟಿದ ಊರು ದಿನಾ ಕಿಟಕಿಯಲ್ಲಿ ಕಾಣುತ್ತಿದ್ದರೆ ಹೋಗದೆ ಇರೋಕಾಗುತ್ತಾ?

ಹೋಗುವಾಗ ಯಾರೂ ಏನೂ ಕೇಳುವುದಿಲ್ಲ. ಬರುವಾಗ ಮಹಸೂಮ್ ಸಿಗುತ್ತದೆ, ಅಂದರೆ ಸೈನಿಕರು ತಪಾಸಣೆ ಮಾಡುವ ಜಾಗ. ಬಸ್ಸು ನಿಂತ ಕೂಡಲೇ ಪ್ಯಾಲೆಸ್ಟೀನಿಯನ್ ಪ್ರಯಾಣಿಕರು ಎದ್ದು ಗುರುತಿನ ಕಾರ್ಡ್ ಕೈಯಲ್ಲಿ ಹಿಡಿದು ಇಳಿಯುತ್ತಾರೆ. ಇಳಿಯಿರಿ ಅಂತ ಹೇಳಬೇಕಾದ್ದೇ ಇಲ್ಲ, ಅಷ್ಟು ಅಭ್ಯಾಸವಾಗಿದೆ. ರಸ್ತೆ ಪಕ್ಕ ಸಾಲು ನಿಲ್ಲುತ್ತಾರೆ. ತೀರಾ ವಯಸ್ಸಾದವರು ಮತ್ತು ವಿದೇಶಿಯರು ಕೂತೇ ಇರಬಹುದು. ನಾನು ಮೊದಲ ಸಲ ಹೋದಾಗ ಡಿಸೆಂಬರ್ ತಿಂಗಳು, ಮಳೆ. ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗಿ ತನ್ನ ಪುಸ್ತಕದ ಚೀಲವನ್ನು ನನ್ನ ಮಡಿಲಲ್ಲಿಟ್ಟು ಇಳಿದಳು. ಸೈನಿಕ ಒಳಗೆ ಬಂದ. ಇಪ್ಪತ್ತರ ಹುಡುಗ. ನನ್ನ ಪಾಸ್‌ಪೋರ್ಟ್ ನೋಡಿ ಮುಖ ಅರಳಿತು. 'ಹೋದು!' ಅಂದ. ಹೀಬ್ರೂವಿನಲ್ಲಿ ಇಂಡಿಯಾ ಅಂತ ಅರ್ಥ. ಸೈನ್ಯದ ಸೇವೆ ಮುಗಿದ ಮೇಲೆ ಗೋಕರ್ಣಕ್ಕೆ ಹೋಗುತ್ತೇನೆ, ಅಲ್ಲಿ ಕಡಲು ಚೆನ್ನಾಗಿದೆಯಂತಲ್ಲ ಅಂದ. ಹೌದು, ಚೆನ್ನಾಗಿದೆ ಅಂದೆ. ಕಿಟಕಿಯಾಚೆ ಆ ಹುಡುಗಿ ನೆನೆಯುತ್ತಾ ನಿಂತಿದ್ದಳು. ಅವಳು ಅಲ್ಲೇ ಹುಟ್ಟಿದವಳು. ನಾನು ಕಡಲು ದಾಟಿ ಕೂಲಿಗೆ ಬಂದವಳು. ನನ್ನ ಮಡಿಲಲ್ಲಿ ಅವಳ ಚೀಲ. ನಿಮ್ಮ ಪ್ರಶ್ನೆ ಓದಿದಾಗ ಮೊದಲು ನೆನಪಾಗಿದ್ದು ಅದೇ.

ಆ ಕಾರ್ಡುಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನೀವು ಹುಡುಕುತ್ತಿರುವ ಬೋರ್ಡು ಇರುವುದು ಅವುಗಳ ಒಳಗೇ. ಪಶ್ಚಿಮ ದಂಡೆ ಅಂದರೆ 1967ರಲ್ಲಿ ಇಸ್ರೇಲ್ ವಶಪಡಿಸಿಕೊಂಡ, ಬೆತ್ಲೆಹೇಮ್ ಇರುವ ಪ್ರದೇಶ. ಅಲ್ಲಿನ ಪ್ಯಾಲೆಸ್ಟೀನಿಯನ್ನರದ್ದು ಹಸಿರು ಹವಿಯ್ಯಾ. ಗುರುತಿನ ಕಾರ್ಡಿಗೆ ಅರಬ್ಬಿಯಲ್ಲಿ ಹವಿಯ್ಯಾ ಅನ್ನುತ್ತಾರೆ. ಹಸಿರು ಕಾರ್ಡಿನವರು ಜೆರುಸಲೇಮಿಗೆ ಬರಬೇಕಾದರೆ ಸಾಮಾನ್ಯವಾಗಿ ತಸ್ರೀಹ್, ಅಂದರೆ ಸೈನ್ಯದ ಪರ್ಮಿಟ್ ಬೇಕು. ಪೂರ್ವ ಜೆರುಸಲೇಮಿನ ಪ್ಯಾಲೆಸ್ಟೀನಿಯನ್ನರದ್ದು ನೀಲಿ ಕಾರ್ಡ್. ಅವರು ಓಡಾಡಬಹುದು, ಆದರೆ ಹೆಚ್ಚಿನವರು ಪ್ರಜೆಗಳಲ್ಲ, ಬರೀ ನಿವಾಸಿಗಳು. ಕೆಲವು ವರ್ಷ ಬೇರೆ ಕಡೆ ವಾಸವಿದ್ದರೆ ನಿವಾಸದ ಹಕ್ಕೇ ಹೋಗಬಹುದು. 1967ರಿಂದ ಈಚೆಗೆ 14 ಸಾವಿರಕ್ಕೂ ಹೆಚ್ಚು ಜನರ ಹಕ್ಕು ಹಾಗೆ ರದ್ದಾಗಿದೆ. ನೀವು ಹೇಳುವ ಮತ ಹಾಕುವ ಅರಬರು ಇಸ್ರೇಲಿನ ಪ್ರಜೆಗಳಾದವರು, ಅಲ್ಲಿನ ಜನಸಂಖ್ಯೆಯಲ್ಲಿ ಸುಮಾರು ಐದರಲ್ಲಿ ಒಬ್ಬರು. ಅವರಿಗೆ ಮತ ಇದೆ, ನಿಜ. 1948ರಿಂದ 1966ರವರೆಗೆ ಅವರಲ್ಲಿ ಹೆಚ್ಚಿನವರನ್ನು ಸೈನಿಕ ಆಡಳಿತದಲ್ಲಿ ಇಟ್ಟಿದ್ದೂ ನಿಜ. ಇಸ್ರೇಲಿನಲ್ಲಿ ಸ್ವಯಂ ನಿರ್ಣಯದ ಹಕ್ಕು ಯಹೂದಿ ಜನರಿಗೆ ಮಾತ್ರ ಅಂತ 2018ರ ಕಾನೂನು ಹೇಳುವುದೂ ನಿಜ.

ಪಶ್ಚಿಮ ದಂಡೆಗೆ ಬನ್ನಿ. ಅಲ್ಲಿ ಸುಮಾರು 5 ಲಕ್ಷ ಯಹೂದಿ ವಸಾಹತುಗಾರರಿದ್ದಾರೆ, ಅಂದರೆ ವಶಪಡಿಸಿಕೊಂಡ ಜಾಗದಲ್ಲಿ ಬಡಾವಣೆ ಕಟ್ಟಿಕೊಂಡವರು, ಪೂರ್ವ ಜೆರುಸಲೇಮಿನಲ್ಲಿ ಇನ್ನೂ 2 ಲಕ್ಷಕ್ಕೂ ಜಾಸ್ತಿ. ಒಂದೇ ಗುಡ್ಡದ ಮೇಲೆ ಒಂದು ವಸಾಹತು, ಕೆಳಗೆ ಒಂದು ಪ್ಯಾಲೆಸ್ಟೀನಿಯನ್ ಹಳ್ಳಿ ಅಂದುಕೊಳ್ಳಿ. ಮೇಲಿನವರು ಇಸ್ರೇಲಿನ ಸಂಸತ್ತಿಗೆ ಮತ ಹಾಕುತ್ತಾರೆ. ಕೆಳಗಿನವರನ್ನು ಆಳುವ ಸೈನ್ಯವನ್ನು ನಡೆಸುವುದು ಅದೇ ಸಂಸತ್ತಿನ ಸರ್ಕಾರ, ಆದರೆ ಅವರಿಗೆ ಅದರಲ್ಲಿ ಮತ ಇಲ್ಲ. ಮೇಲಿನ ಹುಡುಗ ಕಲ್ಲು ಹೊಡೆದರೆ ಇಸ್ರೇಲಿನ ಮಾಮೂಲಿ ಕೋರ್ಟು, ಕೆಳಗಿನ ಹುಡುಗ ಹೊಡೆದರೆ ಮಿಲಿಟರಿ ಕೋರ್ಟು. 12 ವರ್ಷದ ಮಕ್ಕಳನ್ನೂ ಅಲ್ಲಿ ನಿಲ್ಲಿಸಬಹುದು. ಮನೆಯ ಮಾಡು ನೋಡಿದರೇ ಯಾರದ್ದು ಅಂತ ಗೊತ್ತಾಗುತ್ತದೆ. ವಸಾಹತುಗಳಲ್ಲಿ ನಮ್ಮ ಮಂಗಳೂರು ಹೆಂಚಿನ ಹಾಗೆ ಕೆಂಪು ಮಾಡು. ಬೆತ್ಲೆಹೇಮಿನ ಮನೆಗಳ ಮೇಲೆ ಸಾಲು ಸಾಲು ಕಪ್ಪು ಟ್ಯಾಂಕ್. ಬೇಸಿಗೆಯಲ್ಲಿ ನಲ್ಲಿಗೆ ವಾರಗಟ್ಟಲೆ ನೀರು ಬರುವುದಿಲ್ಲ, ಬಂದಾಗ ತುಂಬಿಟ್ಟುಕೊಳ್ಳಬೇಕು.

ಕಾನೂನು ಅಪಾರ್ಥೈಡ್ ಅನ್ನುವುದು ಇಂಥದ್ದಕ್ಕೇ. ಆಫ್ರಿಕಾನ್ಸ್ ಭಾಷೆಯಲ್ಲಿ ಆ ಪದಕ್ಕೆ ಬೇರೆ ಬೇರೆಯಾಗಿ ಇಡುವುದು ಅಂತ ಅರ್ಥ. 1973ರ ವಿಶ್ವಸಂಸ್ಥೆಯ ಒಪ್ಪಂದವಾಗಲಿ, ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಬುನಾದಿಯಾದ 1998ರ ರೋಮ್ ಶಾಸನವಾಗಲಿ, ದಕ್ಷಿಣ ಆಫ್ರಿಕಾದ ಪಡಿಯಚ್ಚು ಆಗಿರಬೇಕು ಅನ್ನುವುದಿಲ್ಲ. ಒಂದು ಜನಾಂಗ ಇನ್ನೊಂದರ ಮೇಲೆ ವ್ಯವಸ್ಥಿತವಾಗಿ ಯಜಮಾನಿಕೆ ನಡೆಸಬೇಕು, ಅದು ಹಾಗೇ ಮುಂದುವರಿಯಲಿ ಅನ್ನುವ ಉದ್ದೇಶವಿರಬೇಕು. ಚರ್ಮದ ಬಣ್ಣ ಬೇರೆ ಇಲ್ಲವಲ್ಲ ಅಂತ ಕೆಲವರು ಕೇಳುತ್ತಾರೆ. ಜನಾಂಗ ಭೇದದ ವಿರುದ್ಧದ 1965ರ ಒಪ್ಪಂದ ಬಣ್ಣದ ಜೊತೆ ಹುಟ್ಟು, ಮೂಲ ಎಲ್ಲವನ್ನೂ ಸೇರಿಸಿಕೊಂಡಿದೆ. ಮತ್ತೆ, ಹೊಲಗೇರಿಯನ್ನು ಊರಾಚೆ ಇಟ್ಟ ನಮಗೆ ಇದನ್ನು ಬಿಡಿಸಿ ಹೇಳಬೇಕಾ? ಬಣ್ಣ ಒಂದೇ ಇದ್ದರೂ ಜನರನ್ನು ದೂರ ಇಡಬಹುದು ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

2021ರ ಜನವರಿಯಲ್ಲಿ ಇದು ಅಪಾರ್ಥೈಡ್ ಅಂತ ವರದಿ ಕೊಟ್ಟ ಬೆತ್ಸೆಲೆಮ್ ಇಸ್ರೇಲಿನದ್ದೇ ಮಾನವ ಹಕ್ಕುಗಳ ಸಂಸ್ಥೆ. ಅದೇ ವರ್ಷ ಹ್ಯೂಮನ್ ರೈಟ್ಸ್ ವಾಚ್, 2022ರಲ್ಲಿ ಆಮ್ನೆಸ್ಟಿ ಅದನ್ನೇ ಹೇಳಿದವು. 2024ರ ಜುಲೈ 19ರಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ, ಇಸ್ರೇಲ್ ಈ ಜಾಗಗಳಲ್ಲಿ ಮುಂದುವರಿದಿರುವುದೇ ಕಾನೂನುಬಾಹಿರ ಅಂತ ಸಲಹಾ ಅಭಿಪ್ರಾಯ ಕೊಟ್ಟಿತು. ಜನಾಂಗೀಯ ಪ್ರತ್ಯೇಕತೆ ಮತ್ತು ಅಪಾರ್ಥೈಡನ್ನು ನಿಷೇಧಿಸುವ ವಿಧಿ ಉಲ್ಲಂಘನೆಯಾಗಿದೆ ಅಂತಲೂ ಹೇಳಿತು. ಎರಡರಲ್ಲಿ ಯಾವುದು ಅಂತ ಬಿಡಿಸಿ ಹೇಳಲಿಲ್ಲ. ಇಸ್ರೇಲ್ ಸರ್ಕಾರ ಇದೆಲ್ಲವನ್ನೂ ತಳ್ಳಿಹಾಕುತ್ತದೆ, ನಮ್ಮದು ಭದ್ರತೆಯ ಪ್ರಶ್ನೆ ಅನ್ನುತ್ತದೆ.

ಸಂಸತ್ತಿನ ಮಾತು ಎತ್ತಿದ್ದೀರಲ್ಲ, ದಕ್ಷಿಣ ಆಫ್ರಿಕಾದಲ್ಲೂ 1984ರಿಂದ ಭಾರತೀಯ ಮೂಲದವರಿಗೆ ಸಂಸತ್ತಿನಲ್ಲಿ ಪ್ರತ್ಯೇಕ ಸದನ ಇತ್ತು. ನಮ್ಮವರೇ ಅಲ್ಲಿ ಸಂಸದರು. ಕರಿಯರಿಗೆ ಏನೂ ಇರಲಿಲ್ಲ. ಅದರಿಂದ ಅಪಾರ್ಥೈಡ್ ಹೋಯಿತಾ? ಅಲ್ಲಿನ ಬಹುಪಾಲು ಭಾರತೀಯರು ಆ ಚುನಾವಣೆಯಲ್ಲಿ ಮತವನ್ನೇ ಹಾಕಲಿಲ್ಲ. ಎಂಥ ಒಳ್ಳೆಯ ಕೆಲಸ ಮಾಡಿದರು ಅನ್ನಿಸುತ್ತದೆ ನನಗೆ. ಅಲ್ಲೂ ಎಲ್ಲ ನಿಂತಿದ್ದು ಚೀಟಿಯ ಮೇಲೆ. 1950ರ ಕಾನೂನು ಪ್ರತಿಯೊಬ್ಬರ ಜನಾಂಗವನ್ನು ಬರೆದಿಟ್ಟಿತು. ಕರಿಯರು ಪಾಸ್ ಪುಸ್ತಕ ಇಲ್ಲದೆ ಊರೊಳಗೆ ಓಡಾಡುವಂತಿರಲಿಲ್ಲ. 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಜನ ಪಾಸ್ ಬಿಟ್ಟು ಪೊಲೀಸ್ ಠಾಣೆಗೆ ಹೋದರು, ನಮ್ಮನ್ನು ಬಂಧಿಸಿ ಅಂದರು. ಪೊಲೀಸರು ಗುಂಡು ಹಾರಿಸಿ 69 ಜನರನ್ನು ಕೊಂದರು. ಇನ್ನೂ ಹಿಂದೆ, 1908ರ ಆಗಸ್ಟ್‌ನಲ್ಲಿ, ಗಾಂಧೀಜಿ ಮತ್ತು ಅವರ ಜೊತೆಯವರು ಜೊಹಾನ್ಸ್‌ಬರ್ಗಿನ ಹಮೀದಿಯಾ ಮಸೀದಿ ಎದುರು ಕಡಾಯಿ ಇಟ್ಟು ತಮ್ಮ ನೋಂದಣಿ ಚೀಟಿಗಳನ್ನು ಸುಟ್ಟಿದ್ದರು.

ಈ ಚೀಟಿಗಳ ಕಥೆಯನ್ನು ನನಗೆ ಜೋಡಿಸಿಕೊಟ್ಟವರು ಬೆತ್ಲೆಹೇಮಿನ ಒಬ್ಬ ಅಂಗಡಿಯವರು. ಆಲಿವ್ ಮರದಲ್ಲಿ ಕುರಿ, ಒಂಟೆ, ಗೋದಲಿ ಕೆತ್ತಿ ಮಾರುತ್ತಾರೆ. ಕ್ರೈಸ್ತರು, ಪಕ್ಕದ ಬೈತ್ ಸಾಹೂರ್ ಊರಿನವರು. ಪ್ಯಾಲೆಸ್ಟೀನಿಯನ್ನರ ಹೋರಾಟ ಅಂದರೆ ಬಂದೂಕು ಅಂತಲೇ ನಾನು ತಿಳಿದಿದ್ದೆ. ಅವರು ಏಲಕ್ಕಿ ಹಾಕಿದ ಕಾಫಿ ಕೊಟ್ಟು ಕೂರಿಸಿ ಹೇಳಿದರು. 1987ರ ಕೊನೆಯಲ್ಲಿ ಇಂತಿಫಾದಾ, ಅಂದರೆ ಪ್ಯಾಲೆಸ್ಟೀನಿಯನ್ನರ ದಂಗೆ ಶುರುವಾಯಿತು. ಬೈತ್ ಸಾಹೂರ್ ಜನ ಇಸ್ರೇಲಿ ಸೈನಿಕ ಆಡಳಿತಕ್ಕೆ ತೆರಿಗೆ ಕಟ್ಟುವುದಿಲ್ಲ ಅಂದರು. ಮತವಿಲ್ಲದ ಮೇಲೆ ತೆರಿಗೆ ಯಾಕೆ? ನಮ್ಮ ಅಂಕೋಲಾ, ಸಿದ್ದಾಪುರದ ಕರನಿರಾಕರಣೆ ನೆನಪಾಯಿತು ನನಗೆ. 1988ರ ಜುಲೈನಲ್ಲಿ ನೂರಾರು ಜನ ಗುರುತಿನ ಕಾರ್ಡುಗಳನ್ನು ತಂದು ಪುರಸಭೆಗೆ ಒಪ್ಪಿಸಿದರು. ಇವು ನಮಗೆ ಬೇಡ ಅಂದರು. ಇಸ್ರೇಲಿನ ಹಾಲು ಬೇಡ ಅಂತ ಒಂದು ಕಿಬ್ಬುತ್ಸಿನಿಂದ, ಅಂದರೆ ಇಸ್ರೇಲಿನ ಸಾಮೂಹಿಕ ಬೇಸಾಯದ ಹಳ್ಳಿಯಿಂದ 18 ಹಸು ಕೊಂಡು ತಂದು ಸಾಕಿದರು. ಸೈನ್ಯ ಆ ಹಸುಗಳನ್ನು ಭದ್ರತೆಗೆ ಅಪಾಯ ಅಂತ ಹುಡುಕಿಕೊಂಡು ಬಂತು. ಜನ ಹಸುಗಳನ್ನು ಮನೆಯಿಂದ ಮನೆಗೆ ಬಚ್ಚಿಟ್ಟರು. 1989ರಲ್ಲಿ ಸುಮಾರು ಆರು ವಾರ ಊರಿಗೇ ಮುತ್ತಿಗೆ. ಫೋನ್ ತಂತಿ ಕತ್ತರಿಸಿದರು. ತೆರಿಗೆ ಬಾಕಿ ಅಂತ ಫ್ರಿಜ್, ಟಿವಿ, ಹೊಲಿಗೆ ಯಂತ್ರ, ಮರ ಕೆತ್ತುವ ಯಂತ್ರ ಎಲ್ಲ ಹೊತ್ತುಕೊಂಡು ಹೋದರು. ಅಂಗಡಿಯವರ ತಂದೆಯ ಯಂತ್ರವೂ ಹೋಯಿತು. ವಿಷಯ ಭದ್ರತಾ ಮಂಡಳಿಗೆ ಹೋದಾಗ ಅಮೆರಿಕ ವೀಟೊ ಹಾಕಿತು. ಕಲ್ಲೂ ಇಲ್ಲದೆ, ಬಂದೂಕೂ ಇಲ್ಲದೆ ಒಂದು ಊರಿಗೆ ಊರೇ ಹೀಗೆ ನಿಂತಿದ್ದು ನಮಗೆ ಯಾಕೆ ಯಾರೂ ಹೇಳಲಿಲ್ಲ ಅಂತ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

2023ರ ಅಕ್ಟೋಬರ್ 7ನ್ನು ಮರೆತು ಇದನ್ನೆಲ್ಲ ಬರೆಯುತ್ತಿಲ್ಲ. ಹಮಾಸ್ ಮತ್ತು ಅವರ ಜೊತೆಗಿದ್ದವರು ಅವತ್ತು ಸುಮಾರು 1,200 ಜನರನ್ನು ಕೊಂದರು, ಸುಮಾರು 250 ಜನರನ್ನು ಒತ್ತೆಯಾಗಿ ಎಳೆದುಕೊಂಡು ಹೋದರು. ಸತ್ತವರಲ್ಲಿ ನಮ್ಮ ಹಾಗೆ ಕೂಲಿಗೆ ಬಂದಿದ್ದ ಥಾಯ್ಲೆಂಡಿನ ಬಡವರೂ ಇದ್ದರು. ಅದಕ್ಕೆ ಯಾವ ಸಮರ್ಥನೆಯೂ ಇಲ್ಲ. ಆಮೇಲೆ ಗಾಜಾದಲ್ಲಿ ಸತ್ತವರ ಲೆಕ್ಕ ಅಲ್ಲಿನ ಆರೋಗ್ಯ ಇಲಾಖೆಯ ಪ್ರಕಾರ 60 ಸಾವಿರ ದಾಟಿತು, ಅದರಲ್ಲಿ ಸಾವಿರಾರು ಮಕ್ಕಳು. ಅದಕ್ಕೂ ಇಲ್ಲ. ಅಜ್ಜಿ 2017ರಲ್ಲೇ ತೀರಿಕೊಂಡರು. ಅದನ್ನೆಲ್ಲ ಅವರು ನೋಡಲಿಲ್ಲ ಅನ್ನುವುದೊಂದು ಸಮಾಧಾನ.

ಅಲ್ಲಿ ಶಾಶ್ವತವಾಗಿ ಇರುವ ಹಕ್ಕು ನನಗೂ ಇರಲಿಲ್ಲ, ವೀಸಾ ಮುಗಿದರೆ ಹೊರಡಬೇಕು. ಅದು ಗೊತ್ತಿದ್ದೇ ಹೋಗಿದ್ದೆ, ಹಿಂದೆ ನನಗೆ ಒಂದು ಊರಿತ್ತು. ತಾವು ಪ್ರಾಚೀನ ಯಹೂದಿಗಳ ವಂಶದವರು ಅನ್ನುವ, ಮಣಿಪುರ, ಮಿಜೋರಾಂನಿಂದ ಹೋದ ಬ್ನೇ ಮೆನಾಶೆ ಜನ ಅಲ್ಲಿ ಪ್ರಜೆಗಳಾಗಿದ್ದಾರೆ, ಹೆಬ್ರಾನ್ ಪಕ್ಕದ ವಸಾಹತಿನಲ್ಲೂ ಇದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. 1948ರಲ್ಲಿ ಮನೆ ಬಿಟ್ಟು ಓಡಿದ, ಓಡಿಸಲ್ಪಟ್ಟ 7 ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ಟೀನಿಯನ್ನರಿಗೆ, ಅವರ ಮಕ್ಕಳು ಮೊಮ್ಮಕ್ಕಳಿಗೆ ಮಾತ್ರ ವಾಪಸ್ ಬರುವ ಹಕ್ಕಿಲ್ಲ ಅನ್ನುವುದು ಯಾವ ನ್ಯಾಯ?

ಹಾಗಾಗಿ, ಕರೆಯೋದು ಸರಿಯಾ ಅಂದರೆ, ಹೌದು, ಸರಿ. ನಾನು ಅಪಾರ್ಥೈಡ್ ಅಂತಲೇ ಕರೆಯುತ್ತೇನೆ.

ಊರಿಗೆ ಹೊರಡುವ ಮೊದಲು ಆ ಅಂಗಡಿಗೆ ಹೋಗಿದ್ದೆ. ಈಸ್ಟರ್ ಹತ್ತಿರವಿತ್ತು. ಜೆರುಸಲೇಮಿನ ಪವಿತ್ರ ಸಮಾಧಿಯ ಚರ್ಚಿಗೆ ಹೋಗಲು ಅವರ ಹೆಂಡತಿಗೆ ತಸ್ರೀಹ್ ಸಿಕ್ಕಿತ್ತು, ಅವರಿಗೆ ಸಿಕ್ಕಿರಲಿಲ್ಲ. ಹತ್ತು ಕಿಲೋಮೀಟರ್ ದೂರ ಅಷ್ಟೇ. ಹಬ್ಬಕ್ಕೆ ಅವಳೊಬ್ಬಳನ್ನೇ ಹೇಗೆ ಕಳಿಸಲಿ ಅಂದರು. ಅಜ್ಜಿಗೆ ಅಂತ ಒಂದು ಮರದ ಕುರಿ ಕೊಂಡೆ, ದುಡ್ಡು ತಗೊಳ್ಳಲಿಲ್ಲ. ನಿಮ್ಮ ತಂದೆ 1988ರಲ್ಲಿ ಕಾರ್ಡ್ ವಾಪಸ್ ಕೊಟ್ಟವರಲ್ವಾ, ಆಮೇಲೆ ಏನಾಯಿತು ಅಂತ ಕೇಳಿದೆ. ಅವರು ಅಂಗಿಯ ಜೇಬಿನಿಂದ ತಮ್ಮ ಹಸಿರು ಹವಿಯ್ಯಾ ತೆಗೆದು ಮೇಜಿನ ಮೇಲಿಟ್ಟರು. ಅಂಚೆಲ್ಲ ಸವೆದು ಬೆಳ್ಳಗಾಗಿತ್ತು.