ನಿದ್ದೆಗೆಟ್ಟ ರಾತ್ರಿಯ ಬೆನ್ನಿಗೇ ಫಿಟ್ಸ್

ಪ್ರಶ್ನೆ: ನನ್ನ ಯಜಮಾನರು ಯಕ್ಷಗಾನ ಮೇಳವೊಂದರಲ್ಲಿ ಮದ್ದಳೆಗಾರರು. ಎರಡು ವರ್ಷಗಳ ಹಿಂದೆ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿ, ಹೆಪ್ಪುಗಟ್ಟಿದ ರಕ್ತವನ್ನು ಶಸ್ತ್ರಚಿಕಿತ್ಸೆ ಮಾಡಿ ತೆಗೆದಿದ್ದರು. ಹತ್ತು ತಿಂಗಳ ಬಳಿಕ ಫಿಟ್ಸ್ ಶುರುವಾಯಿತು. ಮಾತ್ರೆ ನಡೆಯುತ್ತಿದೆ, ಆದರೂ ರಾತ್ರಿಯಿಡೀ ಆಟ ಮುಗಿಸಿ ಬಂದು ಮಲಗಿದ ಬೆಳಿಗ್ಗೆ ಮತ್ತೆ ಬರುತ್ತದೆ. ನಿದ್ದೆಗೂ ಇದಕ್ಕೂ ಸಂಬಂಧವಿದೆಯೇ? ಹಗಲು ಮಲಗಿದರೆ ಸಾಲದೇ?
– ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ಖಂಡಿತ ಇದೆ. ನೀವು ಗಮನಿಸಿರುವುದು ಚಿಕಿತ್ಸೆಗೆ ಬಹಳ ಉಪಯುಕ್ತ ಸಂಗತಿ. ಪೆಟ್ಟಾದ ಜಾಗದಲ್ಲಿ ಉಳಿಯುವ ಕಲೆಯ ಸುತ್ತಲಿನ ನರಕೋಶಗಳು ನಿಧಾನವಾಗಿ ಬೇಗ ಕೆರಳುವ ಸ್ವಭಾವವನ್ನು ಪಡೆಯುತ್ತವೆ. ಇದಕ್ಕೆ ತಿಂಗಳುಗಳೇ, ಕೆಲವರಲ್ಲಿ ವರ್ಷಗಳೇ ಹಿಡಿಯುವುದರಿಂದ ಹತ್ತು ತಿಂಗಳ ಅಂತರ ಅಸಹಜವಲ್ಲ. ಅಮೆರಿಕದ ಮಿನೆಸೋಟದಲ್ಲಿ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಲೆಗೆ ತೀವ್ರ ಪೆಟ್ಟಾದವರ ಪೈಕಿ ಸುಮಾರು ನೂರಕ್ಕೆ 10 ಮಂದಿಗೆ 5 ವರ್ಷದೊಳಗೆ ಫಿಟ್ಸ್ ಕಾಣಿಸಿತ್ತು. ಸಣ್ಣ ಪೆಟ್ಟಿನವರಲ್ಲಿ ಒಬ್ಬರಿಗೂ ಕಡಿಮೆ.

ನಿದ್ದೆಗೆಟ್ಟಾಗ ಈ ಕೋಶಗಳನ್ನು ಹತೋಟಿಯಲ್ಲಿಡುವ ಶಕ್ತಿ ಕುಗ್ಗುತ್ತದೆ. ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇ.ಇ.ಜಿ. ಪರೀಕ್ಷೆಗೆ ರಾತ್ರಿ ನಿದ್ದೆ ಬಿಟ್ಟು ಬರಲು ಕೆಲವೊಮ್ಮೆ ಹೇಳುವುದೂ ಇದೇ ಕಾರಣಕ್ಕೆ. ಬಳಲಿ ಮಲಗಿದಾಗ ಬರುವ, ಕನಸಿಲ್ಲದ ಗಾಢ ನಿದ್ದೆಯಲ್ಲಿ ನರಕೋಶಗಳು ಒಟ್ಟೊಟ್ಟಿಗೆ ಮಿಡಿಯುವುದರಿಂದ ಸೆಳೆತ ಹರಡಲು ಅನುಕೂಲವಾಗುತ್ತದೆ. ಹಗಲು ನಿದ್ದೆ ಏನೂ ಇಲ್ಲದ್ದಕ್ಕಿಂತ ಒಳ್ಳೆಯದೇ. ಆದರೆ ಬೆಳಕು, ಸದ್ದು, ಸೆಕೆಯ ನಡುವೆ ಅದು ತುಂಡುತುಂಡಾಗಿ, ರಾತ್ರಿಯ ನಿದ್ದೆಗೆ ಸಮನಾಗುವುದಿಲ್ಲ.

ಒಂದು ವಿಷಯವನ್ನು ಇಂದೇ ವಿಚಾರಿಸಿ: ಆಟವಿರುವ ದಿನ ಅವರು ರಾತ್ರಿಯ ಮಾತ್ರೆಯನ್ನು ಯಾವಾಗ ನುಂಗುತ್ತಾರೆ? ರಂಗಸ್ಥಳದಲ್ಲಿ ಕುಳಿತ ಮೇಲೆ ಏಳಲಾಗದೆ ಬೆಳಗಿನವರೆಗೆ ಮುಂದೂಡುತ್ತಿದ್ದರೆ, ನಿದ್ದೆಯೂ ಔಷಧವೂ ಒಟ್ಟಿಗೇ ತಪ್ಪಿದಂತೆ. ಚೌಕಿಯಲ್ಲಿ (ಕಲಾವಿದರು ವೇಷ ಕಟ್ಟುವ ಜಾಗದಲ್ಲಿ) ಊಟವಾದೊಡನೆ ನಿಗದಿತ ಹೊತ್ತಿಗೆ ನುಂಗಿಯೇ ಹೊರಡಲಿ. ಮಂಪರು ಬರುತ್ತದೆಂದು ತಾವಾಗಿಯೇ ಬಿಡುವುದು ಬೇಡ, ವೈದ್ಯರಿಗೆ ಹೇಳಿದರೆ ಪ್ರಮಾಣವನ್ನೋ ಔಷಧವನ್ನೋ ಬದಲಿಸಬಹುದು. ಜೋರು ಗೊರಕೆ, ನಡುವೆ ಉಸಿರು ಕಟ್ಟಿದಂತಾಗುವುದು ಇದ್ದರೆ ಅದನ್ನೂ ತಿಳಿಸಿ, ಏಕೆಂದರೆ ತಲೆಪೆಟ್ಟಿನ ನಂತರ ಇಂಥ ನಿದ್ದೆಯ ತೊಂದರೆಗಳು ಸಾಮಾನ್ಯ.

ಫಿಟ್ಸ್ ಬಂದಾಗ ಕೈಗೆ ಬೀಗದ ಕೈ ಕೊಡುವುದರಿಂದ ಪ್ರಯೋಜನವಿಲ್ಲ, ಬಾಯಿಗೆ ಏನನ್ನೂ ತುರುಕಬಾರದು. ಪಕ್ಕಕ್ಕೆ ಹೊರಳಿಸಿ ಗಡಿಯಾರ ನೋಡಿ, 5 ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಿರಿ. ವೈದ್ಯರು ಒಪ್ಪುವವರೆಗೆ ಬೈಕ್ ಓಡಿಸುವುದು, ಒಬ್ಬರೇ ಕೆರೆಗೆ ಇಳಿಯುವುದು ಬೇಡ.

ಮದ್ದಳೆ ಬಿಡಿ ಎಂದು ನಾನು ಹೇಳಲಾರೆ. ಈಗ ಕಾಲಮಿತಿಯ ಆಟಗಳೂ ನಡೆಯುತ್ತಿವೆ; ಫಿಟ್ಸ್ ಹತೋಟಿಗೆ ಬರುವವರೆಗೆ ನಡುರಾತ್ರಿಯೊಳಗೆ ಮುಗಿಯುವ ಪಾಳಿಯನ್ನಷ್ಟೇ ಕೊಡುವಂತೆ, ವೈದ್ಯರ ಚೀಟಿಯೊಂದಿಗೆ ಮೇಳದ ಯಜಮಾನರನ್ನು ಕೇಳಿ ನೋಡಿ.